ಮನೆ ಬಿಟ್ಟುಕೊಡದವನ ಸಿನಿಮಾ

ಆಸ್ಟ್ರೇಲಿಯಾದ ಪೌರತ್ವ ಪರೀಕ್ಷೆಯಲ್ಲಿ 20 ಪ್ರಶ್ನೆ ಇರುತ್ತವೆ. ಅದರಲ್ಲಿ 5 ಪ್ರಶ್ನೆ ಈ ದೇಶದ ಮೌಲ್ಯಗಳ ಬಗ್ಗೆ. ಆ ಐದಕ್ಕೂ ಸರಿ ಉತ್ತರ ಕೊಡಲೇಬೇಕು. ನಾವು ಪಾಸಾದೆವು, ಪ್ರಮಾಣವಚನವೂ ಆಯಿತು. ಪಕ್ಕದ ಮನೆ ತಾತ ಬಂದು ಕೈ ಕುಲುಕಿ, "ಅದೆಲ್ಲ ಸರಿ, 'ದಿ ಕ್ಯಾಸಲ್' ನೋಡಿದ್ದೀರಾ?" ಎಂದರು. ಇಲ್ಲ ಎಂದೆ. "ಹಾಗಾದ್ರೆ ನೀವಿನ್ನೂ ಪೂರ್ತಿ ಆಸ್ಟ್ರೇಲಿಯನ್ ಆಗಿಲ್ಲ" ಎಂದು ನಕ್ಕು, ಶನಿವಾರ ರಾತ್ರಿ ಊಟಕ್ಕೆ ಕರೆದೇಬಿಟ್ಟರು.

1997ರ ಸಿನಿಮಾ ಅದು. ರಾಬ್ ಸಿಚ್ ನಿರ್ದೇಶಕ. ಬರೀ 11 ದಿನದಲ್ಲಿ ಶೂಟಿಂಗ್ ಮುಗಿಸಿದ್ದರಂತೆ. ಕಥೆ ನಡೆಯುವುದು ಮೆಲ್ಬರ್ನ್‌ನ ಕೂಲರೂದಲ್ಲಿ. ನಾವಿರುವ ಕ್ರೇಗೀಬರ್ನ್‌ನಿಂದ ಸಿಟಿಗೆ ಹೋಗುವ ರೈಲು ಅದೇ ಕೂಲರೂ ದಾಟಿಕೊಂಡು ಹೋಗುತ್ತದೆ. ಅಲ್ಲೊಬ್ಬ ಡ್ಯಾರಿಲ್ ಕೆರಿಗನ್. ಕೆಟ್ಟು ನಿಂತ ಗಾಡಿಗಳನ್ನು ಎಳೆದೊಯ್ಯುವ ಟ್ರಕ್ ಓಡಿಸುತ್ತಾನೆ. ಅವನ ಮನೆಯ ಪಕ್ಕದಲ್ಲೇ ವಿಮಾನ ನಿಲ್ದಾಣ. ತಲೆಯ ಮೇಲೆ ದೊಡ್ಡ ಕರೆಂಟು ತಂತಿಗಳು. ಆ ಕಂಬಗಳನ್ನು ನೋಡಿದರೂ ಅವನಿಗೆ ಸಂತೋಷವೇ, ಮನುಷ್ಯ ಎಷ್ಟೆಲ್ಲ ಸಾಧಿಸಿದ್ದಾನೆ ಅಂತ! ಹೆಂಡತಿ ಏನು ಬಡಿಸಿದರೂ ಜೀವನದಲ್ಲಿ ಮೊದಲ ಸಲ ತಿನ್ನುವವನ ಹಾಗೆ ಹೊಗಳುತ್ತಾನೆ. ಇಂಥವನಿಗೆ ಒಂದು ದಿನ ನೋಟಿಸು ಬರುತ್ತದೆ. ನಿಲ್ದಾಣ ದೊಡ್ಡದಾಗಬೇಕು, ಮನೆ ಖಾಲಿ ಮಾಡಿ, ಪರಿಹಾರ ಕೊಡುತ್ತೇವೆ ಅಂತ. ಡ್ಯಾರಿಲ್ ಆಗಲ್ಲ ಅನ್ನುತ್ತಾನೆ.

ಅವನ ಬೀದಿಯಲ್ಲಿ ಫಾರೂಕ್ ಅನ್ನುವ ಲೆಬನಾನಿನವನೊಬ್ಬ ಇದ್ದಾನೆ. ವಿಮಾನ ಮೇಲೆ ಹಾರುವುದರಿಂದ ಮನೆಯ ಬೆಲೆ ಇಳಿಯುತ್ತದೆ ಎಂದರೆ ಅವನಿಗೆ ಬೇಸರವಿಲ್ಲ. ಅವನ ಊರು ಬೈರೂತ್‌ನಲ್ಲಿ ವಿಮಾನ ಬಂದರೆ ಬೀಳುತ್ತಿದ್ದದ್ದು ಬಾಂಬು. ಈ ವಿಮಾನಗಳೇ ಇಷ್ಟ ಅನ್ನುತ್ತಾನೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ ಮಾತು ಬರೆದವರಿಗೆ ನಮ್ಮಂತೆ ವಲಸೆ ಬಂದವರ ಮನಸ್ಸು ಗೊತ್ತಿತ್ತು ಅನ್ನಿಸಿತು. ಇಲ್ಲಿನವರ ಅಚ್ಚುಮೆಚ್ಚಿನ ಸಿನಿಮಾದಲ್ಲಿ ಬೇರೆ ದೇಶದಿಂದ ಬಂದವನೂ ಅದೇ ಬೀದಿಯವನು, ಅದೇ ನೋಟಿಸು ಅವನಿಗೂ ಬಂದಿದೆ. ನನಗೆ ತುಂಬಾ ಹಿತವಾಯಿತು.

ಕೇಸು ಕೊನೆಗೆ ಹೈಕೋರ್ಟಿಗೆ ಹೋಗುತ್ತದೆ. ಇಲ್ಲಿ ಹೈಕೋರ್ಟ್ ಅಂದರೆ ದೇಶದ ಅತಿ ದೊಡ್ಡ ಕೋರ್ಟು. ಸಂವಿಧಾನದ 51ನೇ ಸೆಕ್ಷನ್ನಿನಲ್ಲಿ, ಕೇಂದ್ರ ಸರ್ಕಾರ ಯಾರದೇ ಆಸ್ತಿ ತೆಗೆದುಕೊಂಡರೂ ಅದು ನ್ಯಾಯವಾದ ಷರತ್ತಿನ ಮೇಲೆ ಆಗಬೇಕು ಎಂದಿದೆ. ವಾದ ನಿಲ್ಲುವುದು ಅದರ ಮೇಲೆ. ನಡುವೆ ಡ್ಯಾರಿಲ್ ಒಂದು ಮಾತು ಆಡುತ್ತಾನೆ: ಇಲ್ಲಿನ ಮೂಲನಿವಾಸಿಗಳಿಗೆ ಏನನ್ನಿಸುತ್ತದೆ ಅಂತ ನನಗೆ ಈಗ ಅರ್ಥವಾಗುತ್ತಿದೆ ಅಂತ. ಅವರ ನೆಲ ಹೋದಾಗ ನೋಟಿಸೂ ಇರಲಿಲ್ಲ, ಷರತ್ತೂ ಇರಲಿಲ್ಲ. 1992ರಲ್ಲಿ ಇದೇ ಹೈಕೋರ್ಟ್ ಕೊಟ್ಟ ಮಾಬೋ ತೀರ್ಪಿನ ತನಕ ಆ ನೆಲ ಅವರದಾಗಿತ್ತು ಅನ್ನುವುದನ್ನೇ ಕಾನೂನು ಒಪ್ಪಿರಲಿಲ್ಲ. ತಮ್ಮ ಬಗ್ಗೆ ತಾವೇ ಹೆಮ್ಮೆಪಡುವ ಸಿನಿಮಾದಲ್ಲಿ ಇದನ್ನೂ ಹೇಳಿದ್ದಾರಲ್ಲ, ಅದಕ್ಕೇ ನನಗೆ ಅದರ ಮೇಲೆ ಗೌರವ ಜಾಸ್ತಿಯಾಯಿತು.

ಸಿನಿಮಾ ಮುಗಿಯಿತು, ಡ್ಯಾರಿಲ್ ಗೆದ್ದ. ಮಗಳು ನನ್ನ ಕಡೆ ತಿರುಗಿ ಕೇಳಿದಳು, "ಅಮ್ಮಾ, ದೊಡ್ಡ ತಾತನ ಹೊಲ ತಗೊಂಡಾಗ ಅವರ್ಯಾಕೆ ಆಗಲ್ಲ ಅನ್ಲಿಲ್ಲ?"

ದೊಡ್ಡ ತಾತ ಅಂದರೆ ನನ್ನ ಸೋದರಮಾವ. ಊರಿಗೆ ಹೋದಾಗಲೆಲ್ಲ ಕಾರಿನ ಕಿಟಕಿಯಿಂದ ಆ ಜಾಗ ತೋರಿಸುತ್ತೇನೆ, ಅವಳಿಗೆ ನೆನಪಿದೆ. ದೇವನಹಳ್ಳಿ ಸೀಮೆಯಲ್ಲಿ ಅಮ್ಮನ ತವರು. ರಾಗಿ ಹೊಲ, ಬಾವಿಯ ಹತ್ತಿರ ಚಕ್ಕೋತದ ಮರಗಳು. ಬೇಸಿಗೆ ರಜೆಯಲ್ಲಿ ಮಾವ ಚಕ್ಕೋತ ಸುಲಿದು, ತೊಳೆಗೆ ಉಪ್ಪು ಖಾರ ಹಚ್ಚಿ ಕೊಡುತ್ತಿದ್ದರು. ಒಂದು ಯೋಜನೆಗೆ ಅಂತ ಹೊಲ ಹೋಯಿತು. ಮಾವ ಆಗಲ್ಲ ಅನ್ನಲಿಲ್ಲ, ನಿಜ. ಮನೆಯ ಹಿರಿಯರೆಲ್ಲ ಕೂತು, "ಸರ್ಕಾರದ ಜೊತೆ ಜಗಳ ಆಡೋಕಾಗುತ್ತಾ? ಕೋರ್ಟು ಹತ್ತಿದರೆ ಇರೋದೂ ಹೋಗುತ್ತೆ" ಎಂದರು. ನಮ್ಮಲ್ಲಿ ಕೋರ್ಟು ಕಚೇರಿ ಅಂದರೆ ಮನೆಗೆ ಬಂದ ಕೇಡು. ನ್ಯಾಯ ಕೇಳುವುದು ನಮ್ಮ ಹಕ್ಕು ಅಂತ ಆ ಮನೆಯಲ್ಲಿ ಯಾರೂ ಅವರಿಗೆ ಹೇಳಲಿಲ್ಲ. ಕಾನೂನೂ ಅಷ್ಟೇನು ಧೈರ್ಯ ಕೊಡುತ್ತಿರಲಿಲ್ಲ. ಭಾರತದ ಸಂವಿಧಾನಕ್ಕೆ 1978ರಲ್ಲಿ ಆದ 44ನೇ ತಿದ್ದುಪಡಿಯ ನಂತರ ಆಸ್ತಿ ನಮ್ಮ ಮೂಲಭೂತ ಹಕ್ಕಲ್ಲ. ಜಮೀನ್ದಾರರ ಹಿಡಿತ ತಪ್ಪಿಸಿ ಉಳುವವನಿಗೆ ನೆಲ ಸಿಗಲಿ ಅಂತ ನಡೆದ ಹೋರಾಟಗಳ ಹಿನ್ನೆಲೆ ಅದಕ್ಕಿತ್ತು. ಆದರೆ ಎರಡು ಎಕರೆಯವನನ್ನು ಕಾಯುವವರು ಯಾರು ಅನ್ನುವ ಪ್ರಶ್ನೆ ಹಾಗೇ ಉಳಿಯಿತು, ಅಲ್ವಾ?

ಮಗಳಿಗೆ ಇಷ್ಟೆಲ್ಲ ಹೇಳಲಿಲ್ಲ. ಚನ್ನರಾಯಪಟ್ಟಣ ಹೋಬಳಿಯ ಕಥೆ ಹೇಳಿದೆ. ಅದೇ ದೇವನಹಳ್ಳಿ ತಾಲ್ಲೂಕು, 13 ಹಳ್ಳಿ, 1,777 ಎಕರೆ. ಏರೋಸ್ಪೇಸ್ ಪಾರ್ಕಿಗೆ ಬೇಕು ಅಂತ ಸರ್ಕಾರ ಕೇಳಿತು. ರೈತರು ಕೊಡಲ್ಲ ಎಂದರು. 2022ರ ಏಪ್ರಿಲ್‌ನಲ್ಲಿ ಧರಣಿ ಕೂತವರು ಮೂರು ವರ್ಷ ಕಳೆದರೂ ಏಳಲಿಲ್ಲ. ಬಂಧನಗಳಾದವು. ಬೇರೆ ಜಿಲ್ಲೆಗಳ ಸಂಘಟನೆಗಳು ಜೊತೆಗೆ ನಿಂತವು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಭೂಸ್ವಾಧೀನ ಕೈಬಿಡುವುದಾಗಿ ಹೇಳಿದರು, ಇಷ್ಟವಿದ್ದವರಷ್ಟೇ ಕೊಡಲಿ ಎಂದರು. ಆ ಸುದ್ದಿ ಓದಿದ ದಿನ ಇಲ್ಲಿ ಕೂತು ನಾನು ಅತ್ತಿದ್ದೆ. ಇವರು ಗೆದ್ದದ್ದು ಸಿನಿಮಾದಲ್ಲಲ್ಲ, ನನ್ನ ಮಾವನ ತಾಲ್ಲೂಕಿನಲ್ಲಿ!

ಇದನ್ನು ಕನ್ನಡದಲ್ಲಿ ಯಾರಾದರೂ ಸಿನಿಮಾ ಮಾಡಬೇಕು. ಹಾಸ್ಯ ಸಿನಿಮಾನೇ ಆಗಬೇಕು. ನಾಯಕ ಇಪ್ಪತ್ತು ಜನರನ್ನು ಗಾಳಿಗೆ ತೂರುವವನಾಗಿರಬಾರದು. ದ್ರಾಕ್ಷಿ ಬೆಳೆಯುವವನು, ರೇಷ್ಮೆ ಹುಳಕ್ಕೆ ಸೊಪ್ಪು ಹಾಕುವವನು, ಕನ್ನಡದ ನಡುವೆ ತೆಲುಗು ಬೆರೆಸಿ ಮಾತಾಡುವವನು, ಆ ಕಡೆ ಇರುವ ಹಾಗೆಯೇ ಇರಬೇಕು. ಅಧಿಕಾರಿ ಬಂದರೆ ಮೊದಲು ಕಾಫಿ ಕೊಡಲಿ, ತನ್ನ ಹೊಲ ಸುತ್ತಿಸಿ ಒಂದೊಂದೇ ಮರ ಹೊಗಳಲಿ, ಆಮೇಲೆ ಆಗಲ್ಲ ಸಾರ್ ಅನ್ನಲಿ. ಅಂಥ ಸಿನಿಮಾ ಬಂದರೆ ಪಕ್ಕದ ಮನೆ ತಾತನನ್ನು ನಾನೇ ಊಟಕ್ಕೆ ಕರೆದು ತೋರಿಸುತ್ತೇನೆ.