ಮದ್ರಾಸಲ್ಲಿ ಸಿಕ್ಕ ಸಿಲ್ವಿಯಾ

ಆಸ್ಟರಾಯ್ಡ್ (ಕ್ಷುದ್ರಗ್ರಹ) ಅಂದ ತಕ್ಷಣ ನಮ್ಮ ಕಡೆ ಎಲ್ರೂ ಕೇಳೋದು ಒಂದೇ, ಭೂಮಿಗೆ ಬಂದು ಬಡಿಯುತ್ತಾ ಅಂತ. ಟೀವಿಯವ್ರು ಅಷ್ಟು ಹೆದರಿಸಿಟ್ಟಿದಾರೆ. ಮಂಗಳ ಮತ್ತೆ ಗುರುವಿನ ನಡುವಿನ ಪಟ್ಟಿಯಲ್ಲಿ ಲಕ್ಷಗಟ್ಲೆ ಕ್ಷುದ್ರಗ್ರಹ ಇವೆ ಮಾರ್ರೆ, ಅವುಗಳ ಪಾಡಿಗೆ ಅವು ಸೂರ್ಯನ್ನ ಸುತ್ತಾ ಇರ್ತವೆ, ಅದ್ರಲ್ಲಿ ನಂಗೆ ಭಾಳ ಇಷ್ಟವಾದ್ದು 87 ಸಿಲ್ವಿಯಾ (87 ಅನ್ನೋದು ಅದರ ಕ್ರಮಸಂಖ್ಯೆ). ಯಾಕಂದ್ರೆ ಅದು ಸಿಕ್ಕಿದ್ದು ಯುರೋಪಲ್ಲಲ್ಲ, ನಮ್ಮ ಪಕ್ಕದ ಮದ್ರಾಸಲ್ಲಿ, 1866ರ ಮೇ 16ಕ್ಕೆ.

ಹುಡುಕಿದವ್ರು ಇಂಗ್ಲೆಂಡಿನ ಖಗೋಳಜ್ಞ ನಾರ್ಮನ್ ಪಾಗ್ಸನ್. ಮದ್ರಾಸ್ ವೀಕ್ಷಣಾಲಯಕ್ಕೆ ಬಂದಿದ್ದು 1861ರಲ್ಲಿ, ಅದೇ ಏಪ್ರಿಲ್‌ನಲ್ಲಿ ಒಂದು ಕ್ಷುದ್ರಗ್ರಹ ಸಿಕ್ಕೇಬಿಡ್ತು. ನಮ್ಮ ಖಂಡದಿಂದ ಕಂಡ ಮೊಟ್ಟಮೊದಲನೇದು, ಅದಕ್ಕೇ 67 ಏಷ್ಯಾ ಅಂತ ಹೆಸರಿಟ್ರು. ಆಮೇಲೆ ಸ್ಯಾಫೋ, ಸಿಲ್ವಿಯಾ, ಕ್ಯಾಮಿಲ್ಲಾ. ಫೋಟೋ ತೆಗೆದು ಕ್ಷುದ್ರಗ್ರಹ ಹುಡುಕೋದು ಶುರುವಾಗಿದ್ದು 1891ರಲ್ಲಿ, ಜರ್ಮನಿಯ ಮ್ಯಾಕ್ಸ್ ವೋಲ್ಫ್ ಕೈಯಲ್ಲಿ. ಅಲ್ಲೀವರೆಗೂ ಎಲ್ಲಾ ಕಣ್ಣಲ್ಲೇ, ಟೆಲಿಸ್ಕೋಪಲ್ಲಿ ಕಾಣೋ ಚುಕ್ಕಿಗಳನ್ನ ನಕ್ಷೆಗೆ ತಾಳೆ ನೋಡೋದು, ಜಾಗ ಬದಲಾಯಿಸಿದ ಚುಕ್ಕಿ ಯಾವ್ದು ಅಂತ ಮತ್ತೊಂದು ರಾತ್ರಿ ಕೂತು ನೋಡೋದು.

ಇದು ಎಂಥಾ ಕೆಲ್ಸ ಅಂತ ನಂಗೆ ಅರ್ಥ ಆಗಿದ್ದು ವೆಸ್ಟಾ ಅನ್ನೋ ಇನ್ನೊಂದು ಕ್ಷುದ್ರಗ್ರಹ ನೋಡೋಕೆ ಹೋದಾಗ. ಅದು ಬೈನಾಕ್ಯುಲರಿಗೇ ಸಿಗೋವಷ್ಟು ಬೆಳಗುತ್ತೆ. ಮಲೆನಾಡಲ್ಲಿ ಮಳೆಗಾಲ ಪೂರ್ತಿ ಆಕಾಶ ಅನ್ನೋದೇ ಇರಲ್ಲ, ಹಾಗಾಗಿ ಚಳಿಗಾಲದಲ್ಲೇ ನೋಡ್ಬೇಕು. ಅಡಿಕೆ ಒಣಗಿಸೋ ಅಂಗಳದಲ್ಲಿ ಕುರ್ಚಿ ಹಾಕ್ಕೊಂಡು, ಟಾರ್ಚಿಗೆ ಕೆಂಪು ಬಟ್ಟೆ ಸುತ್ತಿ, ಕಂಡ ಚುಕ್ಕಿಗಳನ್ನೆಲ್ಲಾ ನೋಟ್‌ಬುಕ್ಕಲ್ಲಿ ಪೆನ್ಸಿಲಲ್ಲಿ ಗುರುತು ಹಾಕ್ತಾ ಹೋದೆ, ಲೆನ್ಸ್ ಮೇಲೆ ಇಬ್ಬನಿ ಕೂತ್ಕೊಳ್ಳುತ್ತೆ, ಒರೆಸ್ಬೇಕು, ಒರೆಸೋಷ್ಟರಲ್ಲಿ ಕಣ್ಣು ಜಾಗ ಮರೆತಿರುತ್ತೆ. ಎರಡು ದಿನ ಬಿಟ್ಟು ನೋಡಿದ್ರೆ ಉಳಿದ ಚುಕ್ಕಿಗಳೆಲ್ಲಾ ಅಲ್ಲಲ್ಲೇ ಇವೆ, ಒಂದೇ ಒಂದು ಮಾತ್ರ ಸರಿದಿದೆ! ಮೈ ಜುಂ ಅಂತು. ಅದೂ ಎಲ್ಲಿ ನೋಡ್ಬೇಕು ಅಂತ ಆ್ಯಪ್ ಹೇಳಿಕೊಟ್ಟ ಮೇಲೆ. ಪಾಗ್ಸನ್‌ಗೆ ಹೇಳಿಕೊಡೋರು ಯಾರೂ ಇರ್ಲಿಲ್ಲ.

ಸಿಲ್ವಿಯಾ ಇರೋದು ಪಟ್ಟಿಯ ಹೊರ ಅಂಚಿನ ಕಡೆ, ಸೂರ್ಯನಿಂದ ನಮಗಿರೋ ದೂರದ ಸುಮಾರು ಮೂರೂವರೆ ಪಟ್ಟು ಆಚೆ, ಒಂದು ಸುತ್ತಿಗೆ ಆರೂವರೆ ವರ್ಷ. ಅಗಲ ಸುಮಾರು 270 ಕಿ.ಮೀ., ಹೆಚ್ಚುಕಮ್ಮಿ ಶಿವಮೊಗ್ಗದಿಂದ ಬೆಂಗಳೂರಿಗೆ ರೈಲಲ್ಲಿ ಹೋದಷ್ಟು ದೂರ. ಇಷ್ಟು ದೊಡ್ಡದು ತನ್ನ ಸುತ್ತ ತಾನು ಒಂದು ಸಲ ತಿರುಗೋಕೆ ತಗೊಳ್ಳೋದು ಐದು ಗಂಟೆ ಚಿಲ್ರೆ ಅಷ್ಟೇ.

ನಿಜವಾದ ಮಜಾ ಇರೋದು ಅದರ ಚಂದ್ರಗಳಲ್ಲಿ. 2001ರಲ್ಲಿ ಹವಾಯಿಯ ಕೆಕ್ ಟೆಲಿಸ್ಕೋಪಲ್ಲಿ ಒಂದು ಸಿಕ್ತು, 2004ರಲ್ಲಿ ಚಿಲಿಯಲ್ಲಿ ತೆಗೆದ ಚಿತ್ರಗಳಲ್ಲಿ ಇನ್ನೊಂದು. ಎರಡು ಚಂದ್ರ ಇರೋ ಕ್ಷುದ್ರಗ್ರಹ ಅಂತ ಜಗತ್ತಿಗೆ ಗೊತ್ತಾದ ಮೊದಲನೇದು ಇದೇ. ರೋಮನ್ ಪುರಾಣದಲ್ಲಿ ರೇಯಾ ಸಿಲ್ವಿಯಾ ಅನ್ನೋಳಿಗೆ ಅವಳಿ ಮಕ್ಕಳು, ರೋಮ್ಯುಲಸ್ ಮತ್ತೆ ರೀಮಸ್, ಆ ಹೆಸರನ್ನೇ ಚಂದ್ರಗಳಿಗೆ ಇಟ್ಟಿದಾರೆ. ಚಂದ್ರ ಎಷ್ಟು ದೂರದಲ್ಲಿ ಎಷ್ಟು ದಿನಕ್ಕೊಂದು ಸುತ್ತು ಹೊಡೆಯುತ್ತೆ ಅಂತ ಗೊತ್ತಾದ್ರೆ ತಾಯಿಯ ತೂಕ ಲೆಕ್ಕ ಹಾಕ್ಬಹುದು, ರೋಮ್ಯುಲಸ್ಸಿಗೆ ಮೂರೂವರೆ ದಿನದ ಮೇಲೆ ಸ್ವಲ್ಪ, ರೀಮಸ್ಸಿಗೆ ಒಂದೂವರೆ ದಿನದೊಳಗೆ. ಹಾಗೆ ಲೆಕ್ಕ ಹಾಕಿದ್ರೆ ಸಿಲ್ವಿಯಾದ ಸಾಂದ್ರತೆ ನೀರಿಗಿಂತ ಚೂರು ಜಾಸ್ತಿ ಅಷ್ಟೇ ಬರುತ್ತೆ. ಅಂದ್ರೆ ಅದು ಗಟ್ಟಿ ಬಂಡೆ ಅಲ್ಲ, ಒಳಗೆ ತುಂಬಾ ಪೊಳ್ಳು ಇದೆ, ಹಳೇ ಕಾಲದಲ್ಲಿ ಏನೋ ಡಿಕ್ಕಿ ಆಗಿ ಚೂರುಗಳು ಮತ್ತೆ ಒಟ್ಟುಗೂಡಿರ್ಬೇಕು ಅಂತಾರೆ. ಪಾಗ್ಸನ್ 1868ರಲ್ಲಿ ಹುಡುಕಿದ ಕ್ಯಾಮಿಲ್ಲಾಗೂ ಎರಡು ಚಂದ್ರ ಇರೋದು ಈಗ ಗೊತ್ತಾಗಿದೆ. ಎರಡೂ ಮದ್ರಾಸಿನ ಕೂಸುಗಳೇ!

ಆ ವೀಕ್ಷಣಾಲಯದ ಕೆಲಸ ಆಮೇಲೆ ಕೊಡೈಕೆನಾಲಿಗೆ ಹೋಯ್ತು, ಇವತ್ತಿನ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಬೆಳೆದಿದ್ದು ಅದೇ ಬೇರಿಂದ. ಇಷ್ಟು ಹತ್ರದ ಕಥೆ ನಮ್ಮ ಶಾಲೆ ಮಕ್ಕಳಿಗೆ ಗೊತ್ತಿರ್ಬೇಕು ಅನ್ನೋದು ನನ್ನ ಆಸೆ.

ಸಿಲ್ವಿಯಾ ನೋಡೋಕೆ ನನ್ನ ಬೈನಾಕ್ಯುಲರ್ ಸಾಲಲ್ಲ. ಶಿವಮೊಗ್ಗ, ತೀರ್ಥಹಳ್ಳಿ ಕಡೆ ಯಾರ ಹತ್ರಾದ್ರೂ ಎಂಟು ಇಂಚಿನ ಟೆಲಿಸ್ಕೋಪ್ ಇದ್ರೆ ಹೇಳಿ, ಅಂಗಳ ನಮ್ದು, ರಾತ್ರಿ ಊಟಾನೂ ನಮ್ಮನೇಲೇ.