ಬೆಕ್ಕಿಗೆ ಗಡೀಪಾರು, ರೊಪ್ಪದ ಕಡೆ ಕಣ್ಣಿಲ್ಲ

ಶಿರಾ ತಾಲ್ಲೂಕಿನ ಒಂದು ಆರೋಗ್ಯ ಉಪಕೇಂದ್ರದಲ್ಲಿ ನಾನು ಎಎನ್‌ಎಂ. ಊರವರ ಬಾಯಲ್ಲಿ ನರ್ಸಮ್ಮ. ಗರ್ಭಿಣಿಯರ ಮನೆಗೆ ಹೋದರೆ ತಾಯಿ ಕಾರ್ಡ್ ತಿರುವಿ, ಬಿ.ಪಿ. ನೋಡಿ, ಕಬ್ಬಿಣದ ಮಾತ್ರೆ ಕೊಟ್ಟು, ಹೊರಡುವ ಮುಂಚೆ "ಮನೆಯಲ್ಲಿ ಬೆಕ್ಕಿದೆಯೇ? ದೂರ ಇಡಿ" ಎನ್ನುವುದು ರೂಢಿಯಾಗಿತ್ತು. ಸೋಂಕಿನ ಪಾಠ ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ.

ಐದು ತಿಂಗಳ ಬಸುರಿಯೊಬ್ಬಳ ಮನೆಯಲ್ಲೂ ಹಾಗೆಯೇ ಹೇಳಿ ಬಂದೆ. ಮುಂದಿನ ತಿಂಗಳು ಹೋದಾಗ ಅತ್ತೆ, "ನೀವು ಹೇಳಿದ ದಿನವೇ ಬೆಕ್ಕನ್ನು ಚೀಲಕ್ಕೆ ಹಾಕಿಸಿ ಕೆರೆಯಾಚೆ ಬಿಡಿಸಿದೆ ನರ್ಸಮ್ಮ. ಈಗ ರಾಗಿ ಮೂಟೆಗೆಲ್ಲ ಇಲಿ ತೂತು ಹಾಕಿದೆ" ಎಂದರು. ಸೊಸೆ ಕುರಿ ಕೂಡುವ ರೊಪ್ಪದಲ್ಲಿದ್ದಳು. ಹೋಗಿ ನೋಡಿದರೆ ಕುರಿಯ ಹಿಂದೆ ಕುಕ್ಕರುಗಾಲಿನಲ್ಲಿ ಕುಳಿತು ಬರಿಗೈಯಲ್ಲಿ ಮರಿ ಎಳೆಯುತ್ತಿದ್ದಾಳೆ. ಮೊಣಕೈವರೆಗೆ ಲೋಳೆ, ರಕ್ತ. ಮರಿಯ ಮೂಗನ್ನು ಸೆರಗಿನಲ್ಲಿ ಒರೆಸಿ, ಅದೇ ಸೆರಗಿನಲ್ಲಿ ತನ್ನ ಮುಖವನ್ನೂ ಒರೆಸಿಕೊಂಡಳು. "ಹೋದ ವಾರ ಎರಡು ಕುರಿ ಕಂದು ಹಾಕಿದವು ಅಕ್ಕ, ಇದೊಂದಾದರೂ ಉಳಿಯಿತು" ಎಂದು ನಕ್ಕಳು.

ನನಗೆ ಕಾಲು ತಣ್ಣಗಾಯಿತು. ಕುರಿ, ಮೇಕೆ, ಹಸು ಕಂದು ಹಾಕುವುದಕ್ಕೆ, ಅಂದರೆ ಗರ್ಭ ಕಳೆದುಕೊಳ್ಳುವುದಕ್ಕೆ, ಬ್ರುಸೆಲ್ಲಾ ರೋಗಾಣುವೂ ಒಂದು ಕಾರಣ. ಸತ್ತ ಮರಿ, ಮಾಸು, ಗರ್ಭದ ನೀರು ಎಲ್ಲದರಲ್ಲೂ ಅದು ಇರುತ್ತದೆ. ಕೈಯಲ್ಲಿ ಒಂದು ಗೀರಿದ್ದರೂ ಒಳಗೆ ಇಳಿಯುತ್ತದೆ. ಕಾಯಿಸದ ಹಾಲಿನಿಂದಲೂ ಬರುತ್ತದೆ. ಬಿಟ್ಟು ಬಿಟ್ಟು ಬರುವ ಜ್ವರ, ಕೀಲುನೋವು; ಗರ್ಭಿಣಿಗಾದರೆ ಗರ್ಭಪಾತವೂ ಆಗಬಹುದು. ಬೆಕ್ಕಿನ ಹೆಸರಿನಲ್ಲಿ ನಾನು ಹೆದರಿಸುತ್ತಿದ್ದ, ಹೊಟ್ಟೆಯ ಮಗುವಿಗೂ ತೊಂದರೆ ಮಾಡಬಲ್ಲ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಕೂಡ ಕುರಿ ಕಂದು ಹಾಕಲು ಕಾರಣವಾಗುತ್ತದೆ. ಬಾಗಿಲಲ್ಲಿ ಮಲಗಿದ್ದ ಬೆಕ್ಕನ್ನು ಕಂಡ ನಾನು, ಹಿತ್ತಿಲಿನ ನಲವತ್ತು ಕುರಿಗಳನ್ನು ಕಂಡಿರಲಿಲ್ಲ.

ಬೆಕ್ಕಿನ ವಿಷಯದಲ್ಲೂ ಅರ್ಧವನ್ನಷ್ಟೇ ಹೇಳಿದ್ದೆ. ಅದರ ಮಲದಲ್ಲಿ ಹೊರಬಿದ್ದ ಟಾಕ್ಸೊಪ್ಲಾಸ್ಮಾ ಕೂಡಲೇ ಅಂಟುವುದಿಲ್ಲ, 1ರಿಂದ 5 ದಿನ ಬೇಕು. ಮನೆಯ ಬೇರೆ ಯಾರಾದರೂ ಆ ಮಲವನ್ನು ದಿನವೂ ತೆಗೆದು ಹಾಕಿದರೆ ಬೆಕ್ಕು ಮನೆಯಲ್ಲೇ ಇರಬಹುದು. ಮೈಸವರಿದ ಕೈಗಿಂತ, ಅದು ಕೆದಕಿ ಮುಚ್ಚಿದ ಮಣ್ಣು ಮುಟ್ಟಿದ ಕೈಗೆ ಸೋಪು ಬೇಕು. ಕಡಲೆಕಾಯಿ ಕೀಳುವ ಕಾಲದಲ್ಲಿ ನಮ್ಮ ಕಡೆ ಹಸಿ ಕಾಯನ್ನು ಮಣ್ಣು ಸಮೇತ ಹಲ್ಲಿನಲ್ಲಿ ಒಡೆದು ತಿನ್ನದ ಬಸುರಿ ಇಲ್ಲ. ಹಬ್ಬದ ದಿನ ಕೆಂಡದ ಮೇಲೆ ಅರೆಬೆಂದ ಲಿವರ್ ಚೂರನ್ನು "ರಕ್ತ ಹೆಚ್ಚುತ್ತದೆ" ಎಂದು ಅವಳಿಗೇ ಕೊಡುತ್ತಾರೆ. ಅದೇ ಸೋಂಕು ಬರಬಹುದಾದ ಇವೆರಡು ದಾರಿಗಳ ಬಗ್ಗೆ ನಾನು ಬಾಯಿಯನ್ನೇ ಬಿಟ್ಟಿರಲಿಲ್ಲ. ನನ್ನ ತವರಿನಲ್ಲೂ ಇದೇ ಪದ್ಧತಿ, ಬಹುಶಃ ಅದಕ್ಕೇ.

ಅಂದು ಅವಳ ಕೈಗೆ ಸೋಪು ಹಾಕಿಸಿ, ಕಂದು ಹಾಕಿದ ವಿಷಯ ವೈದ್ಯರಿಗೆ ತಿಳಿಸಿ ಎಂದು ಚೀಟಿ ಬರೆದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸಿದೆ. ಪಶುವೈದ್ಯರಿಗೂ ಫೋನ್ ಮಾಡಿಸಿದೆ. ಅವಳಿಗೆ ಏನೂ ಆಗಲಿಲ್ಲ, ನನ್ನ ಪುಣ್ಯ.

ಈಗ ನನ್ನ ಮೊದಲ ಪ್ರಶ್ನೆ, "ಕುರಿ ಈಯುವಾಗ ಮರಿ ಹಿಡಿಯುವವರು ಯಾರು?" ಅದನ್ನು ಆ ಮನೆಯಲ್ಲೇ ಮೊದಲು ಕೇಳಿದ್ದು. ಗಂಡ ತಲೆ ಕೆರೆದುಕೊಂಡು, "ಅವಳ ಕೈ ಚಿಕ್ಕದು ಮೇಡಂ, ಕುರಿಗೆ ನೋವಾಗುವುದಿಲ್ಲ" ಎಂದ. ನಾನು ಉತ್ತರ ಹುಡುಕುವಷ್ಟರಲ್ಲಿ ಅತ್ತೆ ನನ್ನ ಚೀಲದ ಕಡೆ ಕೈ ಚಾಚಿದರು: "ನನ್ನ ಕೈಯೇನು ದೊಡ್ಡದೇ? ಆ ಗ್ಲೌಸ್ ಇಲ್ಲಿ ಕೊಡಿ."