ಗಂಟೆಗೆ 100 ರೂಪಾಯಿ ಕೊಟ್ಟವನ ಕೈಗೆ ಏನು ಸಿಕ್ಕಿತು?

ತುಮಕೂರಿನ ಬಿ.ಎಚ್. ರಸ್ತೆಯಿಂದ ಒಳಗೆ ಹೋಗುವ ಒಂದು ಅಡ್ಡರಸ್ತೆಯಲ್ಲಿ, ಜೆರಾಕ್ಸ್ ಅಂಗಡಿಯ ಮಹಡಿ ಮೇಲೆ ನಮ್ಮ ಗೇಮಿಂಗ್ ಕೆಫೆ ಇದೆ. ಟಿವಿಗೆ ಹಾಕಿ ಆಡೋ ಪ್ಲೇಸ್ಟೇಷನ್ ಯಂತ್ರಗಳಲ್ಲಿ ಎರಡು ಪಿಎಸ್5, ಮೂರು ಪಿಎಸ್4, ಜೊತೆಗೆ ಆರು ಪಿಸಿ. ಕೌಂಟರ್ ನೋಡಿಕೊಳ್ಳುವವನು ನಾನು. ಪಕ್ಕದಲ್ಲೇ ಒಂದು ಟೇಬಲ್ ಇದೆ. ಪಿಸಿ ಅಸೆಂಬಲ್ ಮಾಡುವುದು, ರ್‍ಯಾಮ್ ಹಾಕುವುದು, ಕೆಟ್ಟ ಕಂಟ್ರೋಲರ್ ಬಿಚ್ಚಿ ಸರಿಮಾಡುವುದು, ಎಲ್ಲ ಅಲ್ಲೇ. ಪಿಎಸ್5ಗೆ ಗಂಟೆಗೆ 100 ರೂಪಾಯಿ. ಯಾವ ಗೇಮ್ ತರಿಸಬೇಕು ಅಂತ ಓನರ್ ನನ್ನನ್ನೇ ಕೇಳುತ್ತಾರೆ, ನಾನು ಹೇಳಿದ್ದನ್ನು ತರಿಸುತ್ತಾರೆ. ಹುಡುಗರೂ ಅಷ್ಟೇ. "ಅಣ್ಣಾ, ಹೊಸದು ಯಾವುದು ಚೆನ್ನಾಗಿದೆ?" ಅಂತ ಬಂದು ನಿಲ್ಲುತ್ತಾರೆ.

ಆ ಮಾತಿಗೆ ಎಷ್ಟು ತೂಕ ಇದೆ ಅಂತ ನನಗೆ ಗೊತ್ತಾಗಿದ್ದು 2023ರ ಜನವರಿಯಲ್ಲಿ, ಫೋರ್‌ಸ್ಪೋಕನ್ ಗೇಮ್ ಬಂದಾಗ.

ಅದರ ಹವಾ ಎದ್ದಿದ್ದು ಎರಡೂವರೆ ವರ್ಷ ಮೊದಲೇ. 2020ರ ಜೂನ್‌ನಲ್ಲಿ ಪಿಎಸ್5 ಗೇಮ್‌ಗಳನ್ನು ತೋರಿಸಿದ ದಿನ, 'ಪ್ರಾಜೆಕ್ಟ್ ಅಥಿಯಾ' ಅನ್ನೋ ಹೆಸರಲ್ಲಿ ಒಂದು ಚಿಕ್ಕ ತುಣುಕು ಬಿಟ್ಟಿದ್ದರು. ಒಬ್ಬಳು ಹುಡುಗಿ ಬಂಡೆಗಳ ಮೇಲೆ ಮಂತ್ರದ ಬಲದಲ್ಲಿ ಓಡುತ್ತಾಳೆ, ಅಷ್ಟೇ. ಮಾಡುತ್ತಿದ್ದವರು ಜಪಾನಿನ ಗೇಮ್ ಕಂಪನಿ ಸ್ಕ್ವೇರ್ ಎನಿಕ್ಸ್ ಕೈಕೆಳಗಿನ ಲೂಮಿನಸ್ ಪ್ರೊಡಕ್ಷನ್ಸ್ ಸ್ಟುಡಿಯೊ, ಫೈನಲ್ ಫ್ಯಾಂಟಸಿ 15 ಗೇಮ್‌ನಲ್ಲಿ ಕೆಲಸ ಮಾಡಿದ ಎಷ್ಟೋ ಜನ ಅಲ್ಲಿದ್ದರು. ಕಥೆಯ ತಂಡದಲ್ಲಿ ಅನ್‌ಚಾರ್ಟೆಡ್ ಗೇಮ್‌ಗಳನ್ನು ಬರೆದ ಏಮಿ ಹೆನ್ನಿಗ್ ಹೆಸರು, ಸಂಗೀತಕ್ಕೆ ಬೇರ್ ಮೆಕ್‌ಕ್ರಿಯರಿ ಹೆಸರು. ಈ ಹೆಸರುಗಳನ್ನೆಲ್ಲ ನಾನು ಕೌಂಟರ್‌ನಲ್ಲಿ ಕೂತು ಹುಡುಗರಿಗೆ ಪಾಠದ ಥರ ಹೇಳಿದ್ದೇನೆ. ಬಿಡುಗಡೆ ಮೊದಲು 2022ರ ಮೇ 24 ಅಂದರು, ಆಮೇಲೆ ಅಕ್ಟೋಬರ್ 11, ಕೊನೆಗೆ 2023ರ ಜನವರಿ 24. ಪ್ರತಿ ಸಲ ಮುಂದಕ್ಕೆ ಹೋದಾಗಲೂ "ಚೆನ್ನಾಗಿ ಮಾಡ್ತಿದ್ದಾರೆ, ಅದಕ್ಕೇ ಟೈಮ್ ತಗೊಳ್ತಿದ್ದಾರೆ" ಅಂತ ನಾನೇ ಸಮಾಧಾನ ಹೇಳಿದೆ. ತಡ ಆಗೋಕೆ ಬೇರೆ ಕಾರಣವೂ ಇರಬಹುದು ಅನ್ನೋದು ತಲೆಗೇ ಬರಲಿಲ್ಲ.

2022ರ ಡಿಸೆಂಬರ್‌ನಲ್ಲಿ ಪಿಎಸ್5ಗೆ ಉಚಿತ ಡೆಮೊ ಬಂತು. ಅಂಗಡಿ ಮುಚ್ಚುವ ಹೊತ್ತಿಗೆ ಹತ್ತೇ ನಿಮಿಷ ಆಡಿದೆ. ವೃತ್ತದ ಬಟನ್ ಒತ್ತಿ ಹಿಡಿದರೆ ಹುಡುಗಿ ಗಾಳಿ ಥರ ಓಡುತ್ತಾಳೆ, ಗೋಡೆ ಹತ್ತುತ್ತಾಳೆ, ಕಾಲ ಕೆಳಗೆ ಮಿಂಚು. ನಿಜ ಹೇಳಬೇಕು ಅಂದರೆ ಆ ಓಟ ಇವತ್ತಿಗೂ ನನಗಿಷ್ಟ, ಅಂಥ ಓಟ ಬೇರೆ ಗೇಮ್‌ನಲ್ಲಿ ನಾನು ನೋಡಿಲ್ಲ. ಅಷ್ಟಕ್ಕೇ ಕಂಟ್ರೋಲರ್ ಕೆಳಗಿಟ್ಟು ಓನರ್‌ಗೆ ಫೋನ್ ಮಾಡಿದೆ. "ಸಾರ್, ತರಿಸೋಣ. ಇದು ಓಡೇ ಓಡುತ್ತೆ."

ನಾನು ಗಮನಿಸದೆ ಬಿಟ್ಟಿದ್ದು ಒಂದು ವಿಷಯ. ಡೆಮೊದಲ್ಲಿ ಆಟಗಾರನನ್ನು ಸೀದಾ ಬಯಲಿಗೆ ಬಿಟ್ಟು, ಹತ್ತಾರು ಮಂತ್ರ ಮೊದಲೇ ಕೈಗೆ ಕೊಟ್ಟುಬಿಟ್ಟಿದ್ದರು. ನಿಜವಾದ ಗೇಮ್ ಹಾಗೆ ಶುರುವಾಗುವುದೇ ಇಲ್ಲ. ಡೆಮೊ ಅನ್ನೋದು ಕೂಡ ಒಂದು ಟ್ರೈಲರ್ ಆಗಿರಬಹುದು, ಕೈಯಲ್ಲಿ ಹಿಡಿದು ನೋಡೋ ಟ್ರೈಲರ್.

ಡಿಸ್ಕ್‌ಗೆ ಐದು ಸಾವಿರದ ಹತ್ತಿರ ಆಯಿತು. ಬಾಗಿಲಿಗೆ ಪೋಸ್ಟರ್ ಅಂಟಿಸಿದೆ. ಬಿಡುಗಡೆ ಮಂಗಳವಾರ, ಗುರುವಾರ ಜನವರಿ 26ರ ರಜೆ. ಗುರುವಾರದ ಅಷ್ಟೂ ಗಂಟೆಗಳಿಗೆ ಮುಂಗಡ ಬಂದಿತ್ತು.

ಅವತ್ತು ಮೊದಲ ಪಾಳಿಯಲ್ಲಿ ಹಾಸ್ಟೆಲ್ ಹುಡುಗರು ನಾಲ್ಕು ಜನ ಬಂದರು. ಬೆಳಗ್ಗೆ ಕಾಲೇಜಲ್ಲಿ ಧ್ವಜಾರೋಹಣ ಮುಗಿಸಿ, ಅಂಗಿಗೆ ಚುಚ್ಚಿದ ಬಾವುಟ ಹಾಗೇ ಇತ್ತು. ತಲಾ 25 ರೂಪಾಯಿ ಹಾಕಿ ಒಂದು ಗಂಟೆ ತೆಗೆದುಕೊಂಡರು, ಸತ್ತವನು ಕಂಟ್ರೋಲರ್ ಕೊಡಬೇಕು ಅನ್ನೋ ಒಪ್ಪಂದದಲ್ಲಿ. ಗೇಮ್ ಶುರುವಾಗುವುದು ನ್ಯೂಯಾರ್ಕ್‌ನ ಒಂದು ಕೋರ್ಟಿನಲ್ಲಿ. ಫ್ರೇ ಅನ್ನೋ ಹುಡುಗಿ ಜಡ್ಜ್ ಮುಂದೆ ನಿಂತಿರುತ್ತಾಳೆ. ಆಮೇಲೆ ಬೀದಿ, ಆಮೇಲೆ ಅವಳ ಮನೆ, ಅವಳ ಬೆಕ್ಕು, ಮನೆಗೆ ಬೆಂಕಿ. ನಾಲ್ಕು ಹೆಜ್ಜೆ ನಡೆಯುತ್ತಾಳೆ, ಸ್ಕ್ರೀನ್ ಕಪ್ಪಾಗುತ್ತೆ, ಇಬ್ಬರು ಮಾತಾಡುತ್ತಾರೆ, ಮತ್ತೆ ಕಪ್ಪು, ಮತ್ತೆ ನಾಲ್ಕು ಹೆಜ್ಜೆ. ಕೊನೆಗೆ ಒಂದು ಪಾಳುಕಟ್ಟಡದಲ್ಲಿ ಮಾತಾಡೋ ಬಳೆ ಸಿಕ್ಕಿ ಅವಳು ಅಥಿಯಾ ಲೋಕಕ್ಕೆ ಬೀಳುತ್ತಾಳೆ. ನಾನು ಕೌಂಟರ್‌ನಿಂದಲೇ ನೋಡುತ್ತಿದ್ದೆ. ಕಂಟ್ರೋಲರ್ ಹಿಡಿದವನ ಹೆಬ್ಬೆರಳು ಸುಮ್ನೆ ಸ್ಟಿಕ್ ಮೇಲೆ ಕೂತಿತ್ತು. ಉಳಿದ ಮೂವರು ಮೊದಲು ಸೋಫಾದ ತುದಿಯಲ್ಲಿದ್ದರು, ಆಮೇಲೆ ಒರಗಿದರು, ಆಮೇಲೆ ಒಬ್ಬ ಮೊಬೈಲ್ ತೆಗೆದ. ಮಂತ್ರ ಕೈಗೆ ಬಂದು ಸ್ವಲ್ಪ ಹೊತ್ತಾಗಿತ್ತಷ್ಟೇ, ಟೈಮ್ ಮುಗಿಯಿತು. ನಾಲ್ವರಲ್ಲಿ ಇಬ್ಬರು ಕಂಟ್ರೋಲರ್ ಮುಟ್ಟಲೇ ಇಲ್ಲ.

"ಅಣ್ಣಾ, ಗೇಮ್ ಯಾವಾಗ ಶುರುವಾಗುತ್ತೆ?" ಅಂತ ಕೇಳಿ ಹೋದರು. ಇನ್ನೊಂದು ಗಂಟೆ ಹಾಕಿಸಲಿಲ್ಲ.

ಮನೆಯಲ್ಲಿ ಕೂತು ಆಡುವವನಿಗೆ ನಿಧಾನವಾಗಿ ಶುರುವಾಗೋ ಕಥೆ ತಪ್ಪಲ್ಲ. ಆದರೆ ಆ ನಿಧಾನದಲ್ಲಿ ಏನಾದರೂ ಇರಬೇಕಲ್ವಾ? ಇನ್ನೊಂದು ಮಾತು. ನಮ್ಮಲ್ಲಿಗೆ ಬರುವವರಲ್ಲಿ ಅರ್ಧ ಹುಡುಗರು ಕನ್ನಡ ಮೀಡಿಯಂನಿಂದ ಬಂದವರು. ಗೇಮ್ ಆಡೋಕೆ ಅವರಿಗೆ ಇಂಗ್ಲಿಷ್ ಅಡ್ಡ ಬರಲ್ಲ, ಕೈ ಮತ್ತು ಕಣ್ಣು ಸಾಕು. ಈ ಗೇಮ್‌ನಲ್ಲಿ ಓಡುವಾಗ, ಹೊಡೆಯುವಾಗ, ಪೆಟ್ಟಿಗೆ ತೆಗೆಯುವಾಗಲೂ ಫ್ರೇ ಮತ್ತು ಅವಳ ಬಳೆ ವಟವಟ ಅಂತ ಮಾತಾಡುತ್ತಲೇ ಇರುತ್ತಾರೆ. ಸಬ್‌ಟೈಟಲ್ ಓದಿದರೆ ಬಂಡೆ ತಪ್ಪುತ್ತೆ, ಬಂಡೆ ನೋಡಿದರೆ ಮಾತು ತಪ್ಪುತ್ತೆ. ಬಳೆಯ ಮಾತು ಕಮ್ಮಿ ಮಾಡೋ ಸೆಟ್ಟಿಂಗ್ ಒಳಗೆ ಇದೆ, ಅದು ನನಗೆ ಗೊತ್ತಾಗಿದ್ದು ಎರಡು ವಾರ ಆದ ಮೇಲೆ. ಮೊದಲ ದಿನವೇ ಹುಡುಕಿಡಬೇಕಾಗಿತ್ತು, ಅದು ನನ್ನ ಕೆಲಸ.

ಆ ವಾರ ಪ್ರತಿ ರಾತ್ರಿ ಶಟರ್ ಅರ್ಧ ಇಳಿಸಿ ನಾನೇ ಕೂತು ಆಡಿದೆ. ದೂರದ ಬೆಟ್ಟ ನುಣ್ಣಗೆ ಅಂತಾರಲ್ಲ, ಅಥಿಯಾ ನೋಡಿದಾಗ ನೆನಪಾಗಿದ್ದು ಅದೇ. ಗಂಟೆಗೋಪುರ ಹತ್ತಿ ನೋಡಿದರೆ ಕಣ್ಣು ಹಾಯೋವರೆಗೂ ಬಯಲು, ಹಾಳುಬಿದ್ದ ಊರು, ಕಲ್ಲಿನ ಕಮಾನು. ಮ್ಯಾಪ್ ತುಂಬ ಗುರುತು. ಓಡಿ ಹೋದರೆ ಅಲ್ಲಿ ಒಂದಷ್ಟು ಪ್ರಾಣಿ, ಒಂದು ಪೆಟ್ಟಿಗೆ. ಮುಂದಿನ ಗುರುತಿಗೆ ಹೋದರೆ ಮತ್ತೆ ಒಂದಷ್ಟು ಪ್ರಾಣಿ, ಮತ್ತೊಂದು ಪೆಟ್ಟಿಗೆ. ಒಂದು ಕಡೆ ಹೊಸ ಕ್ಲೋಕ್ (ಮೇಲೆ ಹೊದೆಯೋ ನಿಲುವಂಗಿ), ಇನ್ನೊಂದು ಕಡೆ ಉಗುರಿಗೆ ಹಚ್ಚೋ ಬಣ್ಣ, ಅದರಿಂದ ಶಕ್ತಿ ಒಂಚೂರು ಏರುತ್ತೆ. ಆ ಲೋಕದಲ್ಲಿ ಜನ ಉಳಿದಿರುವ ದೊಡ್ಡ ಊರು ಸಿಪಾಲ್ ಒಂದೇ. ಹೊರಗೆಲ್ಲ 'ಬ್ರೇಕ್' ಅನ್ನೋ ಮಾರಿ ನುಂಗಿಹಾಕಿದೆ ಅಂತ ಕಥೆಯೇ ಕಾರಣ ಕೊಡುತ್ತೆ. ಬಯಲು ಖಾಲಿ ಇರೋದಕ್ಕೆ ಕಥೆಯಲ್ಲಿ ಕಾರಣ ಇದ್ದ ಮಾತ್ರಕ್ಕೆ, ಆ ಖಾಲಿಯಲ್ಲಿ ಓಡಾಡುವವನಿಗೆ ಬೇಜಾರಾಗದೆ ಇರುತ್ತಾ?

ಹೊಡೆದಾಟ ಮಾತ್ರ ಹೋಗುತ್ತಾ ಹೋಗುತ್ತಾ ಚೆನ್ನಾಗಾಗುತ್ತೆ. ಸೀಲಾ ಅನ್ನೋ ತಾಂತಾಳನ್ನು, ಅಂದರೆ ಆ ಲೋಕ ಆಳೋ ಮಂತ್ರಗಾತಿಯರಲ್ಲಿ ಒಬ್ಬಳನ್ನು, ಸೋಲಿಸಿದ ಮೇಲೆ ಅವಳ ಬೆಂಕಿಯ ಮಂತ್ರಗಳು ಫ್ರೇಗೆ ಬರುತ್ತವೆ. ಹತ್ತಿರ ನುಗ್ಗಿ ಬೆಂಕಿಯ ಕತ್ತಿ ಬೀಸಿದಾಗ ಗೇಮ್‌ನ ಉಸಿರೇ ಬದಲಾಗುತ್ತೆ. ಪೋಸ್ಟರ್‌ನಲ್ಲಿ ತೋರಿಸಿದ ಗೇಮ್ ಅದೇ. ಆದರೆ ಅಲ್ಲಿಗೆ ಮುಟ್ಟೋಕೆ ನಮ್ಮ ಗಿರಾಕಿ ಎಷ್ಟು ನೂರು ರೂಪಾಯಿ ಕೊಡಬೇಕು ಅಂತ ಲೆಕ್ಕ ಹಾಕಿದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು.

ಹಿಂದಿನ ವರ್ಷ ಎಲ್ಡನ್ ರಿಂಗ್ ತರಿಸಿದ್ದೆವು. ಅದೂ ಫ್ಯಾಂಟಸಿಯೇ, ಅದಕ್ಕೂ ಆಕಾಶದಷ್ಟು ಹವಾ ಇತ್ತು. ಅಲ್ಲಿ ಬಯಲಿಗೆ ಕಾಲಿಟ್ಟ ತಕ್ಷಣ ಚಿನ್ನದ ಕುದುರೆ ಸವಾರ ಒಬ್ಬ ಎದುರಿಗೇ ಅಡ್ಡಾಡುತ್ತಿರುತ್ತಾನೆ, ಟ್ರೀ ಸೆಂಟಿನೆಲ್. ಕಥೆ ಒಂದಕ್ಷರ ಅರ್ಥವಾಗದ ಹುಡುಗ ಅವನ ಕೈಲಿ ಇಪ್ಪತ್ತು ಸಲ ಸತ್ತು, ಎದ್ದು ಬಂದು, ಬೆವರಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು "ಅಣ್ಣಾ, ಇನ್ನೊಂದು ಗಂಟೆ" ಅನ್ನುತ್ತಿದ್ದ. ಸತ್ತ ಗಂಟೆಯೂ ಅವನದೇ ಆಗಿತ್ತು, ಯಾಕೆಂದರೆ ಅಷ್ಟು ಹೊತ್ತೂ ಅವನ ಕೈ ಕೆಲಸ ಮಾಡಿತ್ತು. ನನ್ನ ಕಸುಬಿನಲ್ಲಿ ಗೇಮ್ ಅಳೆಯೋದು ಇದರಿಂದಲೇ. ನಾವು ಮಾರುವುದು ಗಂಟೆಯನ್ನು. ಆ ಗಂಟೆಯಲ್ಲಿ ಎಷ್ಟು ನಿಮಿಷ ಗಿರಾಕಿಯ ಕೈಗೆ ಸಿಕ್ಕಿತು ಅಂತ ನೋಡದೆ ನಾನು ಹೆಸರು, ಚಿತ್ರ, ಟ್ರೈಲರ್ ನೋಡಿದ್ದೆ.

ಇಷ್ಟೇ ಆಗಿದ್ದರೆ ಐದು ಸಾವಿರದ ನಷ್ಟ ಅಂತ ಮರೆತುಬಿಡುತ್ತಿದ್ದೆನೋ ಏನೋ. ಮರೆಯೋಕಾಗದ್ದು ಗುಬ್ಬಿ ಕಡೆಯ ಒಬ್ಬ ಹುಡುಗನದ್ದು.

ಡಿಪ್ಲೊಮಾ ಓದುತ್ತಿದ್ದ. ಹಳೇ ಪಿಸಿ, 8 ಜಿಬಿ ರ್‍ಯಾಮ್, ಚಿತ್ರ ಮೂಡಿಸೋಕೆ ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡ್. ಫೋರ್‌ಸ್ಪೋಕನ್ ಆಡಬೇಕು, ಏನು ಹಾಕಿಸಲಿ ಅಂತ ಕೇಳಿದ. ಕಂಪನಿ ಕೊಟ್ಟ ಪಟ್ಟಿ ತೆಗೆದು ನೋಡಿದೆ. ರೆಕಮೆಂಡೆಡ್ ಸಾಲಿನಲ್ಲಿ 24 ಜಿಬಿ ರ್‍ಯಾಮ್ ಅಂತಿತ್ತು. "ಇನ್ನೊಂದು 16 ಹಾಕಿಸು, 24 ಆಗುತ್ತೆ, ಆರಾಮಾಗಿ ಓಡುತ್ತೆ" ಅಂದೆ. ಅದೇ ಸಾಲಿನಲ್ಲಿ ಕಾರ್ಡ್ ಆರ್‌ಟಿಎಕ್ಸ್ 3070 ಅಂತ ಇತ್ತು. ಅವನ 1060 ಇದ್ದದ್ದು ಮಿನಿಮಮ್ ಸಾಲಿನಲ್ಲಿ, ಅದರ ಪಕ್ಕದಲ್ಲಿ 720ಪಿ, 30 ಫ್ರೇಮ್ ಅಂತ ಸ್ಪಷ್ಟವಾಗಿ ಬರೆದಿದ್ದರು, ಅಂದರೆ ಚಿತ್ರದ ಸ್ಪಷ್ಟತೆ ಕಮ್ಮಿ, ಸೆಕೆಂಡಿಗೆ ಮೂಡೋದು 30 ಚಿತ್ರ ಮಾತ್ರ. ಕಂಪನಿ ಇಲ್ಲಿ ಏನನ್ನೂ ಮುಚ್ಚಿಟ್ಟಿರಲಿಲ್ಲ. ಎರಡು ಸಾಲನ್ನು ಬೆರೆಸಿ ಓದಿದವನು ನಾನು. ಮಾರೋ ಆತುರವೂ ಇತ್ತು, ಗೇಮ್ ಮೇಲಿನ ಪ್ರೀತಿಯೂ ಇತ್ತು.

ಅವನು ಟೇಬಲ್ ಮೇಲೆ ದುಡ್ಡು ಎಣಿಸಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಬೆರಳ ತುದಿ, ಉಗುರಿನ ಸಂದಿ ಎಲ್ಲ ಕಪ್ಪು, ಹಸಿ ಅಡಿಕೆ ಸುಲಿದ ಕರೆ. ಸುಗ್ಗಿಯಲ್ಲಿ ರಜೆ ದಿನ ಸುಲಿಯೋಕೆ ಹೋಗಿ ಕೂಡಿಟ್ಟಿದ್ದ ದುಡ್ಡು ಅದು.

ಫೆಬ್ರವರಿ ಮೊದಲ ವಾರ ವಾಪಸ್ ಬಂದ. ಮೂವರು ಸ್ನೇಹಿತರು ಸೇರಿ ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಗೇಮ್ ಕೊಂಡಿದ್ದರಂತೆ. ಚಿತ್ರ ಮಸುಕು ಮಸುಕು, ಓಡಿದರೆ ತಡವರಿಸುತ್ತೆ ಅಂದ. ಸ್ಟೀಮ್‌ನಲ್ಲಿ ಕೊಂಡು 14 ದಿನದೊಳಗೆ, ಎರಡು ಗಂಟೆಗಿಂತ ಕಮ್ಮಿ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ನಾನು ಆಸೆಯಿಂದ ಎಷ್ಟು ಹೊತ್ತು ಆಡಿದಿರಿ ಅಂತ ಕೇಳಿದೆ. ಮೂರೂವರೆ ಗಂಟೆ. ಕೋರ್ಟು, ಬೀದಿ, ಬೆಕ್ಕು, ಸೆಟ್ಟಿಂಗ್ ಬದಲಾಯಿಸಿ ಬದಲಾಯಿಸಿ ನೋಡಿದ್ದು, ಅದರಲ್ಲೇ ಎರಡು ಗಂಟೆ ಕಳೆದುಹೋಗಿತ್ತು. ಬಯಲಿಗೆ ಬರುವಷ್ಟರಲ್ಲಿ ವಾಪಸ್ ಕೊಡೋ ಬಾಗಿಲು ಮುಚ್ಚಿತ್ತು.

"ಪರ್ವಾಗಿಲ್ಲ ಬಿಡಿ ಅಣ್ಣಾ, ನಿಮಗೇನು ಗೊತ್ತಿತ್ತು" ಅಂದ. ನನಗೆ ಗೊತ್ತಿರಬೇಕಾಗಿತ್ತು. ಅವನು ನನ್ನ ಹತ್ತಿರ ಬಂದಿದ್ದೇ ನನಗೆ ಗೊತ್ತಿರುತ್ತೆ ಅಂತ.

ಓನರ್‌ಗೆ ನಡೆದದ್ದನ್ನೆಲ್ಲ ಹೇಳಿದೆ. ಅವರು ಬೈಯಲಿಲ್ಲ. ರ್‍ಯಾಮ್ ವಾಪಸ್ ತೆಗೆದುಕೊಂಡು ಕೊಟ್ಟಷ್ಟೂ ದುಡ್ಡು ಕೊಡಿಸಿದರು, ಆ ರ್‍ಯಾಮ್ ಈಗ ನಮ್ಮ ನಾಲ್ಕನೇ ಪಿಸಿಯಲ್ಲಿದೆ. ಗೇಮ್ ದುಡ್ಡಲ್ಲಿ ಅವನ ಪಾಲನ್ನು ನಾನು ಕೊಡಲು ಹೋದೆ, ಅವನು ಮುಟ್ಟಲಿಲ್ಲ. ಅದಕ್ಕೆ ಬದಲಾಗಿ ಹತ್ತು ಗಂಟೆ ಆಟ ಅವನ ಹೆಸರಿಗೆ ರಿಜಿಸ್ಟರ್‌ನಲ್ಲಿ ಬರೆದಿಟ್ಟೆ.

ಫೋರ್‌ಸ್ಪೋಕನ್ ಮಾರಾಟ ನಿರೀಕ್ಷೆಯಷ್ಟು ಆಗಲಿಲ್ಲ ಅಂತ ಸ್ಕ್ವೇರ್ ಎನಿಕ್ಸ್ ಅಧ್ಯಕ್ಷರೇ ಆ ಫೆಬ್ರವರಿಯಲ್ಲಿ ಒಪ್ಪಿಕೊಂಡರು. ಮೇ 1ಕ್ಕೆ ಲೂಮಿನಸ್ ಅನ್ನೋ ಸ್ಟುಡಿಯೊವನ್ನೇ ದೊಡ್ಡ ಕಂಪನಿಯೊಳಗೆ ಸೇರಿಸಿಬಿಟ್ಟರು. ಆ ಓಟವನ್ನು ಅಷ್ಟು ಚೆನ್ನಾಗಿ ಕಟ್ಟಿದ ಜನರ ಬಗ್ಗೆ ನನಗೆ ಬೇಸರ ಇದೆ. ಓಟಕ್ಕೆ ತಕ್ಕ ನೆಲ ಅವರಿಗೆ ಸಿಗಲಿಲ್ಲ.

ಆಮೇಲಿಂದ 200 ಪುಟದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಹೊಸ ಗೇಮ್ ಬಂದರೆ ಮೂರು ರಾತ್ರಿ ಆಡಿದ ಮೇಲೇ ಪೋಸ್ಟರ್. ಮೊದಲ ಗಂಟೆಯನ್ನು ನಿಮಿಷದ ಲೆಕ್ಕದಲ್ಲಿ ಬರೆಯುತ್ತೇನೆ: ಎಷ್ಟು ನಿಮಿಷ ಮಾತು, ಎಷ್ಟು ನಿಮಿಷ ಕೈಗೆ ಕೆಲಸ, ಮಾತನ್ನು ದಾಟಿ ಹೋಗಬಹುದಾ, ನಡುವೆ ಕರೆಂಟ್ ಹೋದರೆ ಎಲ್ಲಿಂದ ಶುರುವಾಗುತ್ತೆ. ಮುಂಗಡ ತೆಗೆದುಕೊಳ್ಳುವುದನ್ನು ಪೂರ್ತಿ ನಿಲ್ಲಿಸಿದೆ. ಇದರಿಂದ ಮೊದಲ ಎರಡು ದಿನದ ನೂಕುನುಗ್ಗಲು ನಮಗೆ ತಪ್ಪಿಹೋಗುತ್ತೆ, ಓನರ್‌ಗೆ ಅದು ಗೊತ್ತಿದ್ದೂ ಒಪ್ಪಿದ್ದಾರೆ.

2024ರ ಮಾರ್ಚ್ 22ಕ್ಕೆ ಡ್ರ್ಯಾಗನ್ಸ್ ಡಾಗ್ಮಾ 2 ಬಂದಾಗ ಇದು ಕೆಲಸಕ್ಕೆ ಬಂತು. ಮೊದಲ ರಾತ್ರಿಯೇ ಗೊತ್ತಾಯಿತು, ಒಮ್ಮೆ ಶುರುಮಾಡಿದ ಮೇಲೆ ಮತ್ತೆ ಹೊಸದಾಗಿ ಶುರುಮಾಡೋ ಆಯ್ಕೆಯೇ ಮೆನುವಿನಲ್ಲಿಲ್ಲ. ಮನೆಯವನಿಗೆ ಅದು ಚಿಕ್ಕ ತೊಂದರೆ, ದಿನಕ್ಕೆ ಎಂಟು ಜನ ಕೂರುವ ಕೆಫೆಗೆ ದೊಡ್ಡದು. ಕೆಲವೇ ದಿನದಲ್ಲಿ ಅಪ್‌ಡೇಟ್ ಕೊಟ್ಟು ಸರಿಮಾಡಿದರು, ಅಷ್ಟರವರೆಗೆ ಖಾಯಂ ಹುಡುಗರಿಗೆ ಒಬ್ಬೊಬ್ಬರಿಗೂ ಬೇರೆ ಬೇರೆ ಯೂಸರ್ ಮಾಡಿಟ್ಟೆ. ಎರಡನೇ ರಾತ್ರಿಯ ಪುಟದಲ್ಲಿ ಹೀಗಿದೆ: "ಆಡೋ ಪಾತ್ರದ ಮುಖ ಮಾಡೋಕೇ 40 ನಿಮಿಷ. ದುಡ್ಡಿನ ಗಂಟೆಯಲ್ಲಿ ಬೇಡ. ಬೆಳಗ್ಗೆ ಖಾಲಿ ಹೊತ್ತಿನಲ್ಲಿ ಬಂದು ಸುಮ್ನೆ ಮಾಡಿಕೊಳ್ಳಲಿ." ಮೂರನೇ ರಾತ್ರಿ: "ವರ್ನ್‌ವರ್ತ್ ಊರೊಳಗೆ ಫ್ರೇಮ್ ಬೀಳುತ್ತೆ. ಹೇಳಿಯೇ ಕೂರಿಸಬೇಕು."

ನಾಲ್ಕನೇ ದಿನ ಸಂಜೆ ಗುಬ್ಬಿ ಹುಡುಗ ಮೆಟ್ಟಿಲು ಹತ್ತಿ ಬಂದ, ಬ್ಯಾಗ್ ಹೆಗಲಲ್ಲೇ ಇತ್ತು. "ಅಣ್ಣಾ, ಹೊಸದನ್ನ ಆಡಿದ್ದೀರಾ?" ಅಂದ. ನಾನು ಮಾತಾಡದೆ ನೋಟ್‌ಬುಕ್ ಅವನ ಕಡೆ ತಿರುಗಿಸಿದೆ. ನಿಂತುಕೊಂಡೇ ಮೂರು ಪುಟ ಓದಿದ. ವರ್ನ್‌ವರ್ತ್ ಸಾಲಿನ ಹತ್ತಿರ ಬೆರಳಿಟ್ಟು "ಇದು ಜಾಸ್ತಿನಾ?" ಅಂತ ಕೇಳಿದ. ಕಣ್ಣಿಗೆ ಗೊತ್ತಾಗುವಷ್ಟಿದೆ, ಆಡೋಕೆ ತೊಂದರೆ ಇಲ್ಲ ಅಂದೆ. ಬ್ಯಾಗ್ ಕೆಳಗಿಟ್ಟ. ರಿಜಿಸ್ಟರ್‌ನಲ್ಲಿ ಅವನ ಹೆಸರಿನ ಮುಂದೆ ಇನ್ನೂ ನಾಲ್ಕು ಗಂಟೆ ಉಳಿದಿತ್ತು, ಅದರಲ್ಲಿ ಒಂದನ್ನು ಹೊಡೆದು ಎರಡನೇ ಪಿಎಸ್5 ಆನ್ ಮಾಡಿದೆ.